ದೇವತೆ ಪಟ್ಟ ಬೇಡ, ಬಾಗಿಲಿಗೊಂದು ಚಿಲಕ ಕೊಡಿ

ಕಳೆದ ಮೇ 12ರಂದು ನಮ್ಮ ಚಳ್ಳಕೆರೆಯ ಒಂದು ಸಂಘದವರು ನನ್ನನ್ನು ಕರೆದು ಸನ್ಮಾನ ಮಾಡಿದರು. ಅದು ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ದಾದಿಯರ ದಿನ. ಶಾಲು, ಹಾರ, ಹಣ್ಣಿನ ಬುಟ್ಟಿ, ಜೊತೆಗೆ ಕಟ್ಟು ಹಾಕಿಸಿದ ಒಂದು ಅಭಿನಂದನಾ ಪತ್ರ. ಅದರಲ್ಲಿ ನನ್ನನ್ನು ಕರುಣಾಮಯಿ ಎಂದೂ, ಬಿಳಿ ಸೀರೆಯ ದೇವತೆ ಎಂದೂ, ಸೇವೆಯೇ ಉಸಿರಾದ ತಾಯಿ ಎಂದೂ ಬರೆದಿದ್ದರು. ಮೇಣದಬತ್ತಿ ಹಚ್ಚಿಸಿದರು. ಎರಡು ಮಾತಾಡಿ ಎಂದು ಮೈಕು ಕೈಗೆ ಕೊಟ್ಟರು. ನಾನು ಎಲ್ಲರಿಗೂ ಕೈಮುಗಿದು ಕೂತುಬಿಟ್ಟೆ. ಶಾಲು ಹೊದಿಸಿದವರ ಎದುರಿಗೇ ಜಗಳಕ್ಕೆ ನಿಲ್ಲುವುದು ಹೇಗೆ ಹೇಳಿ? ಅಲ್ಲಿ ನುಂಗಿಕೊಂಡ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಕರೆದವರು ಬೇಸರ ಮಾಡಿಕೊಳ್ಳಬಾರದು. ಅವರ ಮನಸ್ಸು ಒಳ್ಳೆಯದೇ. ನನ್ನ ತಕರಾರು ಅವರು ಬಳಸಿದ ಆ ಮಾತಿನ ಮೇಲೆ.

ನನ್ನ ತವರು ಮೊಳಕಾಲ್ಮೂರು. ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದ. ಮಾಲೀಕರು ರೇಷ್ಮೆಯನ್ನು ತೂಗಿ ಕೊಡುತ್ತಿದ್ದರು, ಸೀರೆಯನ್ನು ತೂಗಿ ತೆಗೆದುಕೊಳ್ಳುತ್ತಿದ್ದರು. ಸೀರೆಗೆ ಇಷ್ಟು ಕೂಲಿ ಎಂದು ಮೊದಲೇ ಮಾತಾಗಿರುತ್ತಿತ್ತು. ಆ ಕೂಲಿ ಸಾಲುತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ಅಪ್ಪನನ್ನು ಯಾರೂ 'ನೀನು ದೇವರಪ್ಪಾ, ನಿನಗೇಕೆ ಕೂಲಿ' ಎಂದು ಹೇಳಲಿಲ್ಲ. ಅವ್ವ ಬೆಳಗಿನಿಂದ ರಾತ್ರಿಯವರೆಗೆ ಕಂಡಿಕೆ ಸುತ್ತುತ್ತಿದ್ದಳು. ಕಂಡಿಕೆ ಇಲ್ಲದೆ ಮಗ್ಗ ಒಂದು ಗೇಣು ಮುಂದೆ ಹೋಗುವುದಿಲ್ಲ. ಆ ಕೆಲಸಕ್ಕೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. 'ಮನೆಯಾಕೆ ಮಾಡುತ್ತಾಳೆ' ಎಂದರೆ ಮುಗಿಯಿತು. ಮೂರು ವರ್ಷದ ನರ್ಸಿಂಗ್ ಓದಿ 1988ರಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿದಾಗ, ನಾನಾದರೂ ಲೆಕ್ಕದ ಪುಸ್ತಕದೊಳಗೆ ಬಂದೆನಲ್ಲ ಎಂದು ಹಿಗ್ಗಿದ್ದೆ. 2024ರಲ್ಲಿ ನಿವೃತ್ತಳಾಗುವ ಹೊತ್ತಿಗೆ, ನಾನೂ ಅವ್ವನ ಹಾಗೆ 36 ವರ್ಷ ಕಂಡಿಕೆ ಸುತ್ತಿದ್ದೇನೆ ಎನ್ನುವುದು ತಿಳಿದಿತ್ತು.

ಈ 36 ವರ್ಷದಲ್ಲಿ ಹಲವು ಊರುಗಳ ಆಸ್ಪತ್ರೆ ಕಂಡಿದ್ದೇನೆ. ಕೆಳಗೆ ಹೇಳುವ ಸಂಗತಿಗಳು ಯಾವ ಆಸ್ಪತ್ರೆಯವು ಎಂದು ನಾನು ಹೇಳುವುದಿಲ್ಲ, ನೀವೂ ಊಹಿಸಲು ಹೋಗಬೇಡಿ. ಒಂದು ಆಸ್ಪತ್ರೆಯ ಹೆಸರು ಹೇಳಿದರೆ ಉಳಿದವರೆಲ್ಲ ಕೈತೊಳೆದುಕೊಳ್ಳುತ್ತಾರೆ.

ನರ್ಸಿನ ಕೆಲಸ ಎಂದರೆ ಏನು ಎಂದು ಹೊರಗಿನವರಿಗೆ ಹೇಳುವುದು ಕಷ್ಟ. ಸೂಜಿ ಚುಚ್ಚುವುದು, ಗ್ಲೂಕೋಸು ಹಾಕುವುದು, ಗದರುವುದು - ಇಷ್ಟು ನಿಮಗೆ ಕಾಣುತ್ತದೆ. ಬೆಳಗಿನ ಪಾಳಿ 8ರಿಂದ 2, ಮಧ್ಯಾಹ್ನದ್ದು 2ರಿಂದ 8. ರಾತ್ರಿಯ ಪಾಳಿ ಮಾತ್ರ 8ರಿಂದ ಬೆಳಗಿನ 8ರವರೆಗೆ, 12 ಗಂಟೆ. ಬಂದ ಕೂಡಲೇ ಹಿಂದಿನವಳಿಂದ ಚಾರ್ಜು ತೆಗೆದುಕೊಳ್ಳಬೇಕು. ಆಕ್ಸಿಜನ್ ಸಿಲಿಂಡರಿನಲ್ಲಿ ಎಷ್ಟಿದೆ, ಕಪಾಟಿನಲ್ಲಿ ಯಾವ ಔಷಧ ಮುಗಿದಿದೆ, ಯಾವ ಬಾಣಂತಿಗೆ ರಕ್ತಸ್ರಾವ ಹೆಚ್ಚು, ಯಾವ ಕೂಸು ಮೊಲೆ ಹಿಡಿದಿಲ್ಲ, ಎಲ್ಲ ನೋಡಬೇಕು. ಆಮೇಲೆ ದಾಖಲೆ. ದಾಖಲಾತಿ ರಿಜಿಸ್ಟರು, ಹೆರಿಗೆ ರಿಜಿಸ್ಟರು, ಇಂಡೆಂಟು ಪುಸ್ತಕ, ಬಿಡುಗಡೆ ಚೀಟಿ, ತಾಯಿ ಕಾರ್ಡು, ಈಗ ಇವುಗಳ ಮೇಲೆ ಕಂಪ್ಯೂಟರು. ಮೇಲಿನವರು ತಪಾಸಣೆಗೆ ಬಂದರೆ ಮೊದಲು ಕೇಳುವುದು ರಿಜಿಸ್ಟರು. ರೋಗಿಯ ಹಾಸಿಗೆ ಒದ್ದೆ ಇದ್ದರೆ ನಡೆಯುತ್ತದೆ, ಕಾಲಂ ಖಾಲಿ ಇರಬಾರದು!

ಯಾವ ಕಾಲಂನಲ್ಲಿಯೂ ಬರೆಯಲಾಗದ ಕೆಲಸವೂ ಇದೆ. ನಮ್ಮ ಎರಡೂ ತಾಲ್ಲೂಕುಗಳಲ್ಲಿ ಕಾಡುಗೊಲ್ಲರ ಹಟ್ಟಿಗಳಿರುವುದು ನಿಮಗೆ ಗೊತ್ತು. ಕೆಲವು ಹಟ್ಟಿಗಳಲ್ಲಿ ಇಂದಿಗೂ ಬಾಣಂತಿ ಸೂತಕ ಕಳೆಯುವವರೆಗೆ ಊರ ಹೊರಗೆ ಗುಡಿಸಲಲ್ಲಿ ಇರಬೇಕು. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹಾಗೆ ಗುಡಿಸಲಿನಲ್ಲಿಟ್ಟ ಹಸುಗೂಸು ಮಳೆ-ಚಳಿ ತಾಳದೆ ಸತ್ತದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಅಂಥ ಕಡೆಯ ಹುಡುಗಿ ಹೆರಿಗೆಗೆ ಬಂದರೆ, ಮಳೆಗಾಲವಾದರೆ, 'ಕೂಸಿಗೆ ಇನ್ನೂ ತೂಕ ಬರಬೇಕು' ಎಂದು ಏನಾದರೂ ನೆವ ಹೇಳಿ ಎರಡು ದಿನ ಹೆಚ್ಚು ಇರಿಸಿಕೊಳ್ಳುತ್ತಿದ್ದೆವು. ಅವಳ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲೆ-ಅಡಿಕೆ ಕೊಟ್ಟು, ದೇವರಿಗೆ ಸಿಟ್ಟು ಬಾರದ ಹಾಗೆ, ಹಿರಿಯರಿಗೆ ಅವಮಾನವಾಗದ ಹಾಗೆ ಮಾತಾಡಬೇಕು. ಅರ್ಧ ಗಂಟೆ ಬೇಕು ಅದಕ್ಕೆ. ಒಂದು ಕೂಸು ಉಳಿಯುವುದು ಆ ಅರ್ಧ ಗಂಟೆಯಲ್ಲಿ. ಒಬ್ಬಳಿಗೆ ನಾಲ್ಕು ವಾರ್ಡು ಕೊಟ್ಟ ದಿನ ಮೊದಲು ಹೋಗುವುದೂ ಆ ಅರ್ಧ ಗಂಟೆಯೇ.

ಭಾರತೀಯ ನರ್ಸಿಂಗ್ ಕೌನ್ಸಿಲಿನ ಲೆಕ್ಕದ ಪ್ರಕಾರ ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು. ರಜೆ, ಕಾಯಿಲೆ ಎಂದು ಅದರ ಮೇಲೆ ನೂರಕ್ಕೆ 30ರಷ್ಟು ಹೆಚ್ಚುವರಿ ಇರಬೇಕು. ಇದು ಕನಸುಗಾರರು ಬರೆದ ಲೆಕ್ಕವಲ್ಲ, ವಾರ್ಡಿನಲ್ಲಿ ನಿಂತವರು ಹಾಕಿದ ಲೆಕ್ಕ. ಈಗ ನನ್ನ ಒಂದು ರಾತ್ರಿಯನ್ನು ಹೇಳುತ್ತೇನೆ, ಲೆಕ್ಕ ನೀವೇ ಹಾಕಿ.

2011ನೇ ಇಸವಿ, ಶೇಂಗಾ ಕೀಳುವ ಕಾಲ. ಆ ದಿನಗಳಲ್ಲಿ ನಮ್ಮ ಕಡೆ ಹಾವು ಕಚ್ಚಿದವರು ಬರುವುದು ಹೆಚ್ಚು. ಜೊತೆಯವಳು ರಜೆಯಲ್ಲಿದ್ದಳು, ಇನ್ನೊಂದು ಹುದ್ದೆ ಖಾಲಿ ಬಿದ್ದು ಎರಡು ವರ್ಷವಾಗಿತ್ತು. ಹೆರಿಗೆ ಕೋಣೆ, ಬಾಣಂತಿಯರ ವಾರ್ಡು, ಗಂಡಸರ ವಾರ್ಡು, ಹೆಂಗಸರ ವಾರ್ಡು - ಎಲ್ಲ ಸೇರಿ 58 ಜನ. ನೋಡಿಕೊಳ್ಳಲು ನಾನು, ಒಬ್ಬ ಆಯಾ. ಡಾಕ್ಟರು ಕೆಳಗೆ ಲಾರಿ ಅಪಘಾತದ ಗಾಯಾಳುಗಳಿಗೆ ಹೊಲಿಗೆ ಹಾಕುತ್ತಿದ್ದರು. ಅವರ ತಪ್ಪೂ ಇಲ್ಲ. ಹಾವು ಕಚ್ಚಿದ ಹುಡುಗನಿಗೆ ವಿಷಕ್ಕೆ ಔಷಧದ ಬಾಟಲಿ ಏರಿಸಿದ್ದೆ. ಅದು ಕೆಲವರ ಮೈಗೆ ಒಗ್ಗುವುದಿಲ್ಲ. ತುರಿಕೆ, ವಾಂತಿ ಬಂತೇ, ಬಿಪಿ ಇಳಿಯಿತೇ ಎಂದು ಗಳಿಗೆಗಳಿಗೆಗೂ ನೋಡಬೇಕು. ಗಂಡಸರ ವಾರ್ಡಿನಲ್ಲಿ ದಮ್ಮಿನ ಅಜ್ಜ ಒಬ್ಬ. ಹೆರಿಗೆ ಕೋಣೆಯಲ್ಲಿ ಚೊಚ್ಚಲು ಹುಡುಗಿ.

ಕೂಸು ಹೊರಗೆ ಬಂತು, ಅಳಲಿಲ್ಲ. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಒರೆಸಿದೆ, ಬೆನ್ನು ಉಜ್ಜಿದೆ, ಬಾಯಿ-ಮೂಗು ಎಳೆದು ತೆಗೆದೆ, ಮುಖಕ್ಕೆ ಮಾಸ್ಕು ಹಿಡಿದು ಚೀಲ ಒತ್ತತೊಡಗಿದೆ. ಆಗ ಆಯಾ ಓಡಿ ಬಂದಳು. 'ಸಿಸ್ಟರ್, ಆ ಅಜ್ಜ ಒಂಥರಾ ಮಾಡ್ತೈತೆ.' ನನ್ನ ಎರಡೂ ಕೈ ಕೂಸಿನ ಮೇಲಿತ್ತು. ಕೈ ಬಿಟ್ಟರೆ ಕೂಸು ಹೋಗುತ್ತಿತ್ತು. 'ಡಾಕ್ಟರಿಗೆ ಹೇಳು, ಓಡು' ಎಂದೆ. ಕೂಸು ಅತ್ತಿತು. ಅಷ್ಟರಲ್ಲಿ ತಾಯಿಗೆ ರಕ್ತ ಹೋಗತೊಡಗಿತು. ಇಂಜೆಕ್ಷನ್ ಕೊಟ್ಟು, ಕಿಬ್ಬೊಟ್ಟೆ ಉಜ್ಜಿ, ರಕ್ತ ನಿಂತ ಮೇಲೆ ಓಡಿದೆ. ಡಾಕ್ಟರು ಅಜ್ಜನ ಎದೆ ಒತ್ತುತ್ತಿದ್ದರು. ಅಜ್ಜ ಆಗಲೇ ಹೋಗಿದ್ದ.

ಮಗ ನನ್ನ ಕೆನ್ನೆಗೆ ಹೊಡೆದ. ನಾನು ಅವನ ಮೇಲೆ ಸಿಟ್ಟಾಗಲಿಲ್ಲ. ಅವನಿಗೆ ಕಂಡದ್ದು ಅಪ್ಪ ಉಸಿರಿಗೆ ಒದ್ದಾಡುವಾಗ ನರ್ಸ್ ಇರಲಿಲ್ಲ ಎನ್ನುವುದೊಂದೇ. ಅದು ನಿಜವೂ ಹೌದು. ಕಿವಿ ಗುಂಯ್ ಎನ್ನುತ್ತಿತ್ತು. ಹಾಗೆಯೇ ಹೋಗಿ ಹಾವು ಕಚ್ಚಿದ ಹುಡುಗನ ಬಾಟಲಿ ನೋಡಿದೆ, ಬಿಪಿ ನೋಡುವ ಹೊತ್ತು ಮೀರಿತ್ತು. ಆ ಹುಡುಗ ಉಳಿದ.

ಮೂರು ದಿನಕ್ಕೆ ನನಗೆ ನೋಟಿಸು ಬಂತು. ಕರ್ತವ್ಯದಲ್ಲಿ ನಿರ್ಲಕ್ಷ್ಯ ತೋರಿದ್ದೀರಿ, ಸಮಜಾಯಿಷಿ ಕೊಡಿ ಎಂದು. ನಾನು ನಡೆದದ್ದನ್ನು ನಡೆದ ಹಾಗೆ ಬರೆದೆ. ಕೊನೆಗೆ ಒಂದು ಸಾಲು ಸೇರಿಸಿದ್ದೆ: 'ಆ ರಾತ್ರಿ 58 ರೋಗಿಗಳಿಗೆ ನಾನೊಬ್ಬಳೇ ನರ್ಸ್ ಇದ್ದೆ.' ಓದಿದ ಮೇಲಿನವರು ತಂದೆಯ ಹಾಗೆ ಬುದ್ಧಿ ಹೇಳಿದರು. 'ನೋಡಮ್ಮಾ, ಈ ಸಾಲು ಬೇಡ. ಸರ್ಕಾರದ ಮೇಲೆ ಆರೋಪ ಮಾಡಿದ ಹಾಗೆ ಕಾಣುತ್ತೆ. ಕ್ಷಮಿಸಿ ಅಂತ ಬರೆದುಕೊಡು, ನಾನು ಮುಗಿಸ್ತೀನಿ.' ನನಗೆ ಇಬ್ಬರು ಮಕ್ಕಳು, ಮನೆಯವರಿಗೆ ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ, ಮಿಲ್ಲು ಆಗಲೇ ಕುಂಟುತ್ತಿತ್ತು. ಆ ಸಾಲನ್ನು ನಾನೇ ನನ್ನ ಪೆನ್ನಿನಿಂದ ಹೊಡೆದು ಹಾಕಿ, ಬೇರೆ ಹಾಳೆಯಲ್ಲಿ ಶುದ್ಧ ಪ್ರತಿ ಬರೆದುಕೊಟ್ಟೆ. ಒಂದು ವರ್ಷದ ವೇತನ ಬಡ್ತಿ ಹೋಯಿತು, ಫೈಲು ಮುಚ್ಚಿತು. ಖಾಲಿ ಹುದ್ದೆ ಖಾಲಿಯೇ ಉಳಿಯಿತು. ಏಕೆಂದರೆ ಕಾಗದದ ಪ್ರಕಾರ ಆ ಅಜ್ಜ ಸತ್ತದ್ದು ನನ್ನ ನಿರ್ಲಕ್ಷ್ಯದಿಂದ, ಖಾಲಿ ಹುದ್ದೆಯಿಂದಲ್ಲ!

ಹೊಡೆದವನ ಮೇಲೆ ದೂರು ಕೊಡಲಿಲ್ಲವೇ ಎಂದು ಕೇಳುತ್ತೀರಿ. ಕಾನೂನು ಇತ್ತು. ವೈದ್ಯಕೀಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದರೆ ಸೆರೆವಾಸ ಎನ್ನುವ 2009ರ ಕಾಯಿದೆ. ಅದರ ಬೋರ್ಡು ಆಸ್ಪತ್ರೆಗಳ ಗೋಡೆಯ ಮೇಲಿರುತ್ತದೆ. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವೂ ಇದೆ. ಎರಡನ್ನೂ ಓದಬಲ್ಲವರು ಹೆಚ್ಚು ಕಡಿಮೆ ಅಷ್ಟಷ್ಟೇ. ಅಪ್ಪನನ್ನು ಕಳೆದುಕೊಂಡವನನ್ನು ಜೈಲಿಗೆ ಹಾಕಿಸಿ ನನಗೆ ಏನು ಆಗಬೇಕಿತ್ತು? ನನಗೆ ಬೇಕಾಗಿದ್ದದ್ದು ಇನ್ನೊಂದು ಜೊತೆ ಕೈ.

ಈಗ ದೇವತೆಯ ಮಾತಿಗೆ ಬರುತ್ತೇನೆ. ಮನುಷ್ಯಳಾದರೆ ಅವಳಿಗೆ ಎರಡೇ ಕೈ ಎಂದು ಒಪ್ಪಬೇಕಾಗುತ್ತದೆ. ದೇವತೆಯಾದರೆ ಎಂಟು ಕೈ, ಹದಿನಾರು ಕೈ. ಅವಳಿಗೆ ನಿದ್ದೆಯಿಲ್ಲ, ಮುಟ್ಟಿಲ್ಲ, ಮನೆಯಲ್ಲಿ ಜ್ವರದ ಮಗುವಿಲ್ಲ. 58 ಜನಕ್ಕೆ ಒಬ್ಬಳನ್ನು ಬಿಡಬೇಕಾದರೆ ಮೊದಲು ಅವಳನ್ನು ದೇವತೆ ಮಾಡಲೇಬೇಕು. 2020ರ ಮಾರ್ಚ್ 22ರ ಸಂಜೆ 5 ಗಂಟೆಗೆ ಊರೆಲ್ಲ ನಮಗಾಗಿ ತಟ್ಟೆ-ಜಾಗಟೆ ಬಡಿಯಿತು. ಅದೇ ತಿಂಗಳು, ನನ್ನ ಜೊತೆ ಕೆಲಸ ಮಾಡುವ ಗುತ್ತಿಗೆಯ ಹುಡುಗಿಗೆ ಬಾಡಿಗೆ ಮನೆಯವರು 'ಕಾಯಿಲೆ ತರ್ತೀಯ, ಮನೆ ಬಿಡು' ಎಂದರು. ತಟ್ಟೆ ಬಡಿದ ಕೈಯೂ ಬೀಗ ಹಾಕಿದ ಕೈಯೂ ಒಂದೇ.

ಆ ಗುತ್ತಿಗೆಯ ಹುಡುಗಿಯರ ಪಾಡು ನಮಗಿಂತ ಕಡೆ. ಅದೇ ಕೋರ್ಸು, ಅದೇ ರಾತ್ರಿ ಪಾಳಿ, ಅದೇ ರಕ್ತ, ಸಂಬಳ ಮಾತ್ರ ನಮ್ಮದರ ಒಂದು ಪಾಲು. ವರ್ಷ ವರ್ಷವೂ ಆದೇಶ ಮುಂದುವರಿಯುತ್ತದೋ ಇಲ್ಲವೋ ಎನ್ನುವ ಭಯ. ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ಮಾತು ತಾತ್ಕಾಲಿಕ ನೌಕರರಿಗೂ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟು 2016ರ ಅಕ್ಟೋಬರಿನಲ್ಲಿ ಹೇಳಿತು. 2023ರ ಫೆಬ್ರುವರಿಯಲ್ಲಿ ರಾಜ್ಯದ ಎನ್‌ಎಚ್‌ಎಂ ಗುತ್ತಿಗೆ ನೌಕರರು ಕಾಯಂ ಮಾಡಿ ಎಂದು ಮುಷ್ಕರ ಹೂಡಿದರು. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆದರು. ಖಾಸಗಿ ನರ್ಸಿಂಗ್ ಹೋಮುಗಳ ವಿಷಯಕ್ಕೂ 2016ರಲ್ಲೇ ಕೇಂದ್ರದ ಸಮಿತಿಯೊಂದು, 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲಿಯೂ ನರ್ಸಿನ ಸಂಬಳ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು ಎಂದು ಶಿಫಾರಸು ಮಾಡಿತ್ತು. ನಿಮ್ಮ ಬೀದಿಯ ನರ್ಸಿಂಗ್ ಹೋಮಿನ ಹುಡುಗಿಯನ್ನು ಮೆಲ್ಲಗೆ ಕೇಳಿ ನೋಡಿ. ಅವಳು ಹೇಳುವ ಮೊತ್ತ ಕೇಳಿದರೆ ನಿಮ್ಮ ಮನೆಯ ಅಡಿಗೆಯವಳೂ ನಕ್ಕಾಳು.

'ಸೂಲಗಿತ್ತಿ ನರಸಮ್ಮನವರು ಒಂದು ರೂಪಾಯಿ ಮುಟ್ಟದೆ ಸಾವಿರಾರು ಹೆರಿಗೆ ಮಾಡಿಸಲಿಲ್ಲವೇ?' ಎಂದು ಸನ್ಮಾನದ ಸಭೆಯಲ್ಲಿ ಒಬ್ಬರು ಹೇಳಿದರು. ಪಕ್ಕದ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಹೆಚ್ಚು ಹಿಗ್ಗಿದವರು ನಾವೇ. ಅದೇ ವರ್ಷದ ಕೊನೆಗೆ ಅವರು ತೀರಿಕೊಂಡರು. 15,000ಕ್ಕೂ ಹೆಚ್ಚು ಹೆರಿಗೆ ಎನ್ನುತ್ತಾರೆ. ನಮ್ಮ ಹಳ್ಳಿಯ ಹೆಂಗಸರು ನರ್ಸನ್ನು ನರ್ಸಮ್ಮ ಎಂದೇ ಕರೆಯುವುದು. ಆ ಹೆಸರು ಕೇಳಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ಆದರೆ ನರಸಮ್ಮನವರು ಒಬ್ಬ ಬಸುರಿಯ ಪಕ್ಕ ಕೂತರೆ ಆ ಕೂಸು ಹೊರಗೆ ಬರುವವರೆಗೆ ಅಲ್ಲಿಂದ ಎದ್ದವರಲ್ಲ. ಅವರ ಕೈಗೆ ಯಾರೂ ನಾಲ್ಕು ವಾರ್ಡಿನ ಬೀಗದ ಕೈ ಕೊಡಲಿಲ್ಲ, ನೋಟಿಸನ್ನೂ ಕೊಡಲಿಲ್ಲ. ಅವರ ದಾನವನ್ನು ತೋರಿಸಿ ಸರ್ಕಾರ ತನ್ನ ಸಾಲ ತೀರಿಸದೆ ಇರಬಹುದೇ? ನಮ್ಮ ತಾಲ್ಲೂಕಿನದೇ ಆದ ನಾಯಕನಹಟ್ಟಿಯಲ್ಲಿ ಕೆರೆ ಕಟ್ಟಿಸಿದ ತಿಪ್ಪೇರುದ್ರಸ್ವಾಮಿಯ ಮಾತು ಎಲ್ಲರ ಬಾಯಲ್ಲೂ ಇದೆ: 'ಮಾಡಿದಷ್ಟು ನೀಡು ಭಿಕ್ಷೆ.' ಮಾಡಿದಷ್ಟು ಕೊಡು. ನಾವು ಕೇಳುವುದೂ ಅದಕ್ಕಿಂತ ಹೆಚ್ಚಿಲ್ಲ.

ಇಷ್ಟು ಹೊತ್ತು ನನ್ನ ಮಾತು ಕೇಳಿದ ನಿಮಗೂ ಕೇಳುವುದಿದೆ ಎಂದು ಗೊತ್ತು. 'ಆಸ್ಪತ್ರೆಯಲ್ಲಿ ದುಡ್ಡು ಕೀಳುವುದಿಲ್ಲವೇ? ಹೆರುವವಳಿಗೆ ಬಾಯಿಗೆ ಬಂದಂತೆ ಬೈಯುವುದಿಲ್ಲವೇ?' ಕೀಳುತ್ತಾರೆ. ಬೈಯುತ್ತಾರೆ. ಗಂಡು ಹುಟ್ಟಿದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ಕೈ ಚಾಚಿದ್ದನ್ನು ನಾನು ಕಂಡಿದ್ದೇನೆ, ಕಂಡೂ ಸುಮ್ಮನಿದ್ದೇನೆ. ಏಜೆನ್ಸಿಯವರು ಆ ಆಯಾಗೆ ಮೂರು ತಿಂಗಳಿಂದ ಸಂಬಳ ಕೊಟ್ಟಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಹೆಣ್ಣು ಕೂಸು ಹುಟ್ಟಿದ ಬಡವಿಯ ಸೆರಗಿನ ಗಂಟು ಬಿಚ್ಚಿಸುವುದಕ್ಕೆ ಅದು ಸಮಾಧಾನವಲ್ಲ. ಬೈಗುಳವೂ ಅಷ್ಟೇ. ನೋವಿನಲ್ಲಿ ಕಿರುಚಿದ ಒಬ್ಬ ಹುಡುಗಿಯ ತೊಡೆಗೆ ಹೊಡೆದು, ಇಲ್ಲಿ ಬರೆಯಬಾರದ ಒಂದು ಮಾತನ್ನು ನಾನು ಅಂದಿದ್ದೆ. ಅದು ನನ್ನ ಹಿರಿಯ ಸಿಸ್ಟರುಗಳ ಬಾಯಿಂದ ಕಲಿತ ಮಾತು. ಅವಳು ಕಿರುಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಆ ನೋಟ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆ ರಾತ್ರಿ ನಾನು ಊಟ ಮಾಡಿರಲಿಲ್ಲ, ಸತತ ಐದನೇ ರಾತ್ರಿ ಪಾಳಿ - ಇದೆಲ್ಲ ನಿಜ. ಕಾರಣ ಬೇರೆ, ಕ್ಷಮೆ ಬೇರೆ. ನನ್ನ ತಪ್ಪು ನನ್ನದೇ. ನಾನು ಹೇಳುವುದಿಷ್ಟೇ: ನಿದ್ದೆಗೆಟ್ಟವಳಿಂದ ಕರುಣೆಯನ್ನು ಬೇಡಿ ಪಡೆಯಲಾಗದು. ಅದಕ್ಕೆ ಪಾಳಿ ಸರಿಮಾಡಬೇಕು.

ಚಿಲಕದ ಮಾತು ಉಳಿಯಿತು. ನಮ್ಮ ನಾಡಿನ ಹೊನ್ನಾವರ ತಾಲ್ಲೂಕು ಹಳದೀಪುರದ ಹುಡುಗಿ ಅರುಣಾ ಶಾನಭಾಗ್ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. 1973ರ ನವೆಂಬರ್ 27ರಂದು ಪಾಳಿ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುವಾಗ ಅದೇ ಆಸ್ಪತ್ರೆಯ ಕೆಲಸಗಾರ ನಾಯಿಯ ಸರಪಳಿಯಿಂದ ಅವಳ ಕೊರಳು ಬಿಗಿದ. 2015ರ ಮೇ 18ರಂದು ಸಾಯುವವರೆಗೆ, 41 ವರ್ಷಕ್ಕೂ ಹೆಚ್ಚು ಕಾಲ, ಅವಳು ಅಲ್ಲಿಯೇ ಹಾಸಿಗೆ ಹಿಡಿದಿದ್ದಳು. ಒಂದು ತಲೆಮಾರಿನ ನರ್ಸುಗಳು ನಿವೃತ್ತರಾಗಿ, ಮುಂದಿನ ತಲೆಮಾರು ಬಂದು ಅವಳನ್ನು ಸಾಕಿತು. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್ ಜಿ ಕರ್ ಆಸ್ಪತ್ರೆಯಲ್ಲಿ ದೀರ್ಘ ಪಾಳಿಯ ನಡುವೆ ಸೆಮಿನಾರ್ ಹಾಲಿನಲ್ಲಿ ಮಲಗಿದ್ದ ಎಳೆಯ ವೈದ್ಯೆಗೆ ಏನಾಯಿತೆಂದು ನಿಮಗೆ ಗೊತ್ತು. ಈ ಎರಡರ ನಡುವೆ 50 ವರ್ಷ ಕಳೆದಿತ್ತು. ಹೆಂಗಸರು ಬಟ್ಟೆ ಬದಲಿಸುವ, ಅರ್ಧ ಗಂಟೆ ತಲೆ ಊರುವ ಒಂದು ಕೋಣೆ, ಅದಕ್ಕೆ ಒಳಗಿನಿಂದ ಒಂದು ಚಿಲಕ - ಇಷ್ಟಕ್ಕೆ 50 ವರ್ಷ ಸಾಲದೇ? ನಾನು ಕೆಲಸ ಮಾಡಿದ ಒಂದು ಕಡೆ ಡ್ಯೂಟಿ ಕೋಣೆಯ ಚಿಲಕ ಮುರಿದಿತ್ತು. ಮೂರು ಸಲ ಬರೆದುಕೊಟ್ಟೆವು. ಕಡೆಗೆ ಬಾಗಿಲಿಗೆ ಖಾಲಿ ಸಿಲಿಂಡರು ಒರಗಿಸಿ ಬಟ್ಟೆ ಬದಲಿಸುತ್ತಿದ್ದೆವು. ಅದೇ ಆಸ್ಪತ್ರೆಯಲ್ಲಿ ನಮ್ಮ ಪದನಾಮವನ್ನು ಶುಶ್ರೂಷಾಧಿಕಾರಿ ಎಂದು ಬದಲಿಸಿದ ಸುದ್ದಿಗೆ ಲಾಡು ಹಂಚಿದರು. ಅಧಿಕಾರಿಗೂ ಚಿಲಕ ಸಿಕ್ಕಲಿಲ್ಲ!

ದುಡ್ಡಿಲ್ಲ ಎಂದು ಮಾತ್ರ ಹೇಳಬೇಡಿ. ನಮ್ಮ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರಯಾನಕ್ಕಾಗಿ ಚಂದ್ರನ ಮೇಲಿರುವಂಥ ಗುಂಡಿಗಳನ್ನೇ ತೋಡಿ ಪರೀಕ್ಷೆ ಮಾಡಿದರು. ಅದರ ಬಗ್ಗೆ ನನಗೆ ಹೆಮ್ಮೆಯೇ. ಚಂದ್ರನ ನೆಲವನ್ನು ಚಳ್ಳಕೆರೆಗೆ ತರಬಲ್ಲ ದೇಶ, ರಾತ್ರಿ ಪಾಳಿಗೆ ಎರಡನೇ ನರ್ಸನ್ನು ತರಲಾರದೇ? ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ 2024ರ ನವೆಂಬರಿನಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅನುಮಾನ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಹೋಯಿತು. ಸರ್ಕಾರ ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಮೊಳಕಾಲ್ಮೂರಿನ ಕಡೆಯವರಿಗೆ ಬಳ್ಳಾರಿ ದೂರದ ಊರಲ್ಲ, ಕಷ್ಟದ ಹೆರಿಗೆ ಎಂದರೆ ನಮ್ಮವರು ಅತ್ತ ಓಡುವುದೂ ಉಂಟು. ಆ ಸುದ್ದಿ ಓದಿ ನಾನು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಬಾಟಲಿ ಕೊಳ್ಳುವವರು, ಪರೀಕ್ಷೆ ಮಾಡುವವರು ಎಲ್ಲೋ ಇರುತ್ತಾರೆ. ಅದನ್ನು ತೂಗುಹಾಕಿ, 'ಏನೂ ಆಗಲ್ಲ ಮಲಕ್ಕೋ ತಾಯಿ' ಎಂದು ಹೇಳಿ ಹೋಗುವವಳು ನರ್ಸ್. ಆ ಐದು ಮನೆಯವರ ಕಣ್ಣಲ್ಲಿ ಉಳಿಯುವ ಮುಖ ಅವಳದೇ.

ಪಟ್ಟಣದ ನನ್ನ ಅಕ್ಕ-ತಂಗಿಯರೇ, ಇದನ್ನು ನಿಮಗೇ ಏಕೆ ಬರೆಯುತ್ತಿದ್ದೇನೆ ಗೊತ್ತೇ? ಮನೆಯಲ್ಲಿ ನಿಮಗೂ ಗೃಹಲಕ್ಷ್ಮಿ ಎಂಬ ಪಟ್ಟ ಕಟ್ಟಿ ಕಂಡಿಕೆ ಸುತ್ತಿಸುತ್ತಾರೆ. ಈ ಉಪಾಯ ನಿಮಗೆ ಗೊತ್ತಿಲ್ಲದ್ದೇನಲ್ಲ. ಹಾಗಿದ್ದೂ, ಮಗನಿಗೆ ಹೆಣ್ಣು ನೋಡುವಾಗ 'ನರ್ಸಾ? ರಾತ್ರಿ ಡ್ಯೂಟಿ ಇರುತ್ತಲ್ಲ' ಎಂದು ಮೂಗು ಮುರಿಯುವವರು ನೀವೇ. ನಿಮ್ಮ ಮಗಳ ಹೆರಿಗೆಯ ರಾತ್ರಿ ಆ ರಾತ್ರಿ ಡ್ಯೂಟಿಯವಳು ಬೇಕು, ಸೊಸೆಯಾಗಿ ಬೇಡ!

ಇನ್ನು ಮುಂದೆ ಆಸ್ಪತ್ರೆಗೆ ಹೋದಾಗ 'ಎಲ್ಲಿ ಹೋದಳು ಸಿಸ್ಟರು' ಎಂದು ಕೂಗುವ ಮೊದಲು ಒಂದು ಪ್ರಶ್ನೆ ಕೇಳಿ: 'ಸಿಸ್ಟರ್, ಈ ಪಾಳಿಯಲ್ಲಿ ನಿಮಗೆ ಎಷ್ಟು ಜನ ರೋಗಿಗಳು?' ಅವಳು ಹೇಳಿದ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ತಾಲ್ಲೂಕು ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಎಂದು ಇರುತ್ತದೆ. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು ಎಂದು ಅವರನ್ನು ಕೇಳಿ. ಹೇಳದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಾವು ಕೇಳಿದರೆ ನೋಟಿಸು ಬರುತ್ತದೆ, ನಿಮಗೆ ನೋಟಿಸು ಕೊಡುವವರು ಯಾರೂ ಇಲ್ಲ. ನಿಮ್ಮ ಮಹಿಳಾ ಸಮಾಜದವರು ಮುಂದಿನ ಮೇ 12ಕ್ಕೆ ಶಾಲು-ಹಾರ ತರಬೇಡಿ. ಬಡಗಿಯನ್ನು ಕರೆದುಕೊಂಡು ಹೋಗಿ ಡ್ಯೂಟಿ ಕೋಣೆಯ ಬಾಗಿಲು ನೋಡಿಸಿ.

ಮೊಳಕಾಲ್ಮೂರಿನಲ್ಲಿರುವ ನನ್ನ ಅಣ್ಣನ ಮಗಳು ಈ ವರ್ಷ ನರ್ಸಿಂಗ್ ಮುಗಿಸಿದ್ದಾಳೆ. ಗುತ್ತಿಗೆಯ ಕೆಲಸಕ್ಕೆ ಕರೆ ಬಂದಿದೆ. 'ಸೇರಲಾ ಅತ್ತೆ?' ಎಂದು ಫೋನು ಮಾಡಿದ್ದಳು. ನಾನು ಬೇಡ ಎನ್ನಲಿಲ್ಲ. ಅಳದ ಕೂಸು ನಿನ್ನ ಕೈಯಲ್ಲಿ ಅಳತೊಡಗಿದಾಗ ಆಗುವ ಸಂತೋಷ ಬೇರೆ ಯಾವ ಕೆಲಸದಲ್ಲಿಯೂ ಸಿಕ್ಕಲಾರದು ಎಂದೆ. ಅದೂ ನಿಜವೇ ಅಲ್ಲವೇ? ಆಮೇಲೆ ಇನ್ನೊಂದು ಮಾತು ಹೇಳಿದೆ. 'ಪ್ರತಿ ಪಾಳಿಯ ವರದಿ ಪುಸ್ತಕದಲ್ಲಿ ಮೊದಲನೇ ಸಾಲು ರೋಗಿಗಳು ಎಷ್ಟು, ನರ್ಸ್ ಎಷ್ಟು ಅಂತ ಬರಿ. ಕೆಳಗೆ ಸಹಿ ಹಾಕು. ಯಾರು ಎಷ್ಟೇ ಪ್ರೀತಿಯಿಂದ ಹೇಳಿದರೂ ಆ ಸಾಲನ್ನು ಹೊಡೆಯಬೇಡ ಮಗಳೇ.'